ಆದಿಸಭೆಗೆ ಮರಳುವುದು ಎಂದರೆ ನಿಜವಾಗಿ ಏನು? ಒಂದು ಚರ್ಚೆ

ಧಾರವಾಡದ ಶಿಕ್ಷಕಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಈ ಮಳೆಗಾಲದಿಂದ ಬೈಬಲಿನಲ್ಲಿ ಯೇಸುವಿನ ಮೊದಲ ಶಿಷ್ಯರ ಕಥೆ ಹೇಳುವ ಅಪೊಸ್ತಲರ ಕೃತ್ಯಗಳನ್ನು ವಾರಕ್ಕೆ ಒಂದು ಅಧ್ಯಾಯದಂತೆ ಓದುತ್ತಿದ್ದೇವೆ. ಎರಡನೆಯ ಅಧ್ಯಾಯದ ಕೊನೆಗೆ, ಮೊದಲ ವಿಶ್ವಾಸಿಗಳು ತಮಗಿದ್ದದ್ದನ್ನು ಹಂಚಿಕೊಂಡು ಬಾಳಿದ ಭಾಗಕ್ಕೆ, ಬಂದ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ನಾವು ಆದಿಸಭೆಗೆ, ಅಂದರೆ ಮೊದಲ ಶತಮಾನಗಳ ಕ್ರೈಸ್ತ ಸಭೆಗೆ, ಮರಳಬೇಕು. ಆದರೆ ಆ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚಿದ್ದರು. ಒಬ್ಬರಿಗೆ ಅದು ಪವಿತ್ರಾತ್ಮನ ವರಗಳು ತುಂಬಿ ತುಳುಕುತ್ತಿದ್ದ ಕಾಲ, ಇನ್ನೊಬ್ಬರಿಗೆ ಮನೆಮನೆಯ ಪ್ರಾರ್ಥನೆಯ ಕಾಲ, ಮತ್ತೊಬ್ಬರಿಗೆ ಸಭೆಯ ಚುನಾವಣೆ, ಪಂಗಡ, ಕೋರ್ಟು ಕಚೇರಿ ಯಾವುದೂ ಇಲ್ಲದಿದ್ದ ಕಾಲ.

ನಾನು ತಡೆದು ನಿಂತದ್ದು ಆರನೆಯ ಅಧ್ಯಾಯದಲ್ಲಿ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಹಂಚಿಕೆ ನಡೆಯುತ್ತಿತ್ತು. ಅದರಲ್ಲಿ ಗ್ರೀಕ್ ಮಾತನಾಡುವವರ ಕಡೆಯ ವಿಧವೆಯರು ಬಿಟ್ಟುಹೋಗುತ್ತಿದ್ದರು, ಗೊಣಗಾಟ ಹುಟ್ಟಿತು. ಪವಿತ್ರಾತ್ಮನು ಇಳಿದುಬಂದ ಪಂಚಾಶತ್ತಮದ ದಿನವನ್ನು ಕಣ್ಣಾರೆ ಕಂಡವರು ಇದ್ದ ಸಭೆಯಲ್ಲೇ ಹೀಗಾಯಿತು. ಅಪೊಸ್ತಲರು ಗೊಣಗಿದವರನ್ನು ಗದರಿಸಲಿಲ್ಲ. ಇನ್ನಷ್ಟು ಪ್ರಾರ್ಥನೆ ಮಾಡಿರಿ ಎಂದು ಹೇಳಿ ಮನೆಗೂ ಕಳುಹಿಸಲಿಲ್ಲ. ಶಿಷ್ಯರೆಲ್ಲರನ್ನೂ ಕೂಡಿಸಿ, ನಿಮ್ಮೊಳಗಿಂದ ಏಳು ಮಂದಿಯನ್ನು ಆರಿಸಿರಿ ಎಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ: ಏಳೂ ಗ್ರೀಕ್ ಹೆಸರುಗಳು. ದೂರು ಯಾರ ಕಡೆಯಿಂದ ಬಂದಿತ್ತೋ ಅವರ ಕೈಗೇ ಬಡಿಸುವ ಸೌಟನ್ನು ಕೊಟ್ಟಂತಾಯಿತು.

ಇದನ್ನು ಓದಿದ ವಾರವೇ ನಮ್ಮಲ್ಲಿ ಒಂದು ಸಂಗತಿ ನಡೆಯಿತು. ಸಭೆಯ ಒಬ್ಬ ವಯಸ್ಸಾದ ತಾಯಿ, ಗಂಡ ತೀರಿಹೋದವರು, ನಾಲ್ಕು ತಿಂಗಳಿಂದ ಆರಾಧನೆಗೆ ಬಂದಿರಲಿಲ್ಲ. ಅವರು ಬರುತ್ತಿಲ್ಲವೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಾರ್ಯದರ್ಶಿಯವರು ಮಾಸಿಕ ಚಂದಾ ಬಾಕಿ ಇರುವವರ ಪಟ್ಟಿಯನ್ನು ಓದಿದಾಗ ಅವರ ಹೆಸರು ಕೇಳಿಬಂತು. ನಮ್ಮ ಸಭೆಯ ಕಾಗದಪತ್ರಗಳಲ್ಲಿ ಆ ತಾಯಿಯ ಬಗ್ಗೆ ಇದ್ದದ್ದು ಅಷ್ಟೇ, ನಾಲ್ಕು ತಿಂಗಳ ಬಾಕಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದಿಸಭೆಯಿಂದ ನಾವು ಕಲಿಯಬೇಕಾದದ್ದನ್ನು ಸೋಮವಾರದಿಂದ ಶನಿವಾರದವರೆಗೆ ಮಾಡಲು ಬರುವಂಥ ಕೆಲಸದ ರೂಪದಲ್ಲಿ ಹೇಳಬಲ್ಲವರು ದಯವಿಟ್ಟು ಬರೆಯಿರಿ.

ಹಳೆಯ ಲೆಕ್ಕಿಗ

ಅಕ್ಕನವರಿಗೆ ವಂದನೆ. ನಾನು ಮೂವತ್ತು ವರ್ಷ ಲೆಕ್ಕಪತ್ರಗಳ ನಡುವೆಯೇ ಬಾಳಿದವನು. ಹಾಗಾಗಿ ಹೊಸ ಒಡಂಬಡಿಕೆಯನ್ನು ಓದುವಾಗಲೂ ನನ್ನ ಕಣ್ಣು ಮೊದಲು ಹೋಗುವುದು ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬಲ್ಲಿಗೆ. ನೀವು ಎತ್ತಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ ಎಂದು ನಾನು ನಂಬಿದ್ದೇನೆ.

ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ನಮ್ಮ ಕನ್ನಡ ಬೈಬಲಿನಲ್ಲಿ ಬರುವ 'ಅನ್ಯೋನ್ಯತೆ' ಎಂಬ ಮಾತಿನ ಹಿಂದೆ ಇರುವ ಗ್ರೀಕ್ ಪದ ಕೊಯಿನೋನಿಯ. ನಾವು ಅದನ್ನು ಕೇಳಿದೊಡನೆ ಕೈಕುಲುಕುವುದು, ಕೂಟದ ನಂತರದ ಚಹಾ, ಒಳ್ಳೆಯ ಮಾತು ಇವೇ ನೆನಪಾಗುತ್ತವೆ. ಆದರೆ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ, ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ ಮತ್ತು ಅಖಾಯದ ಸಭೆಗಳು ಕೂಡಿಸಿದ ಹಣಕ್ಕೂ ಇದೇ ಪದವನ್ನು ಬಳಸುತ್ತಾನೆ. ಅವರ ಮಟ್ಟಿಗೆ ಅನ್ಯೋನ್ಯತೆಯನ್ನು ಚೀಲದಲ್ಲಿ ಕಟ್ಟಿ ಹಡಗಿನಲ್ಲಿ ಸಾಗಿಸಲು ಬರುತ್ತಿತ್ತು.

ಆ ಹಣವನ್ನು ಸಾಗಿಸಿದ ರೀತಿಯನ್ನು ನೋಡಿರಿ. ಕೊರಿಂಥದವರಿಗೆ ಅವನು ಕೊಟ್ಟ ಸೂಚನೆ, ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನು ತನ್ನ ಗಳಿಕೆಗೆ ತಕ್ಕಂತೆ ತೆಗೆದಿಡಬೇಕು. ತಾನು ಬಂದ ಮೇಲೆ ಅವಸರದಲ್ಲಿ ಕೂಡಿಸುವಂತಾಗಬಾರದು. ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇನ್ನೂ ಸ್ಪಷ್ಟವಾಗಿ, ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸದ ಹಾಗೆ ನಡೆಯುತ್ತೇವೆ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರುವುದನ್ನೇ ಮಾಡುತ್ತೇವೆ ಎಂದು ಬರೆದು, ಸಭೆಗಳೇ ನೇಮಿಸಿದ ಒಬ್ಬ ಸಹೋದರನನ್ನು ಜೊತೆಗೆ ಕರೆದೊಯ್ಯುತ್ತಾನೆ. ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಲ್ಲಿ ಅವನೊಂದಿಗೆ ಹೊರಟ ಏಳು ಮಂದಿಯ ಹೆಸರು, ಊರುಗಳ ಸಮೇತ ಇದೆ. ಅಪೊಸ್ತಲನಾಗಿದ್ದವನು ನನ್ನನ್ನು ನಂಬಿರಿ, ಸಾಕು ಎನ್ನಲಿಲ್ಲ. ಲೆಕ್ಕಕ್ಕೆ ಸಾಕ್ಷಿಗಳನ್ನು ಇಟ್ಟುಕೊಂಡನು. ನಮ್ಮ ಎಷ್ಟೋ ಸಭೆಗಳಲ್ಲಿ ಲೆಕ್ಕ ಕೇಳಿದವನನ್ನು ಆತ್ಮಿಕತೆ ಇಲ್ಲದವನೆಂದು ನೋಡುವ ರೂಢಿಯಿದೆ. ಅಂಥ ನೋಟವನ್ನು ನಾನೂ ಎದುರಿಸಿದ್ದೇನೆ.

ಪಟ್ಟಿಯ ವಿಷಯ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ವಿಧವೆಯರನ್ನು ಪಟ್ಟಿಯಲ್ಲಿ ಸೇರಿಸುವ ನಿಯಮಗಳಿವೆ: ಅರವತ್ತು ವರ್ಷ ಆಗಿರಬೇಕು, ಮಕ್ಕಳು ಮೊಮ್ಮಕ್ಕಳು ಇದ್ದರೆ ಅವರೇ ಮೊದಲು ನೋಡಿಕೊಳ್ಳಬೇಕು. ಕ್ರಿ.ಶ. 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯನು ಬರೆದ ಒಂದು ಪತ್ರದ ಭಾಗವನ್ನು ಇತಿಹಾಸಕಾರ ಯುಸೇಬಿಯನು ಉಳಿಸಿಕೊಟ್ಟಿದ್ದಾನೆ. ಆ ಸಭೆಯಲ್ಲಿ 46 ಹಿರಿಯರು, 7 ಡೀಕನರು (ಸಭೆಯ ಸೇವಕರು), ಮತ್ತು ಸಭೆಯಿಂದ ಪೋಷಣೆ ಪಡೆಯುತ್ತಿದ್ದ 1500ಕ್ಕೂ ಹೆಚ್ಚು ವಿಧವೆಯರು ಹಾಗೂ ಸಂಕಟದಲ್ಲಿದ್ದವರು ಇದ್ದರೆಂದು ಅದರಲ್ಲಿದೆ. ಎಣಿಕೆ ಹೇಳಬಲ್ಲವರ ಬಳಿ ಪಟ್ಟಿ ಇದ್ದಿರಲೇಬೇಕು.

ಇನ್ನೊಂದು ದಾಖಲೆ ನನ್ನ ಮನಸ್ಸನ್ನು ಬಹಳ ಕಲಕಿದೆ. 303ರಲ್ಲಿ, ಡಯೋಕ್ಲೀಶಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ, ಉತ್ತರ ಆಫ್ರಿಕದ ಸಿರ್ತ ಎಂಬ ಊರಿನಲ್ಲಿ (ಇಂದಿನ ಅಲ್ಜೀರಿಯದ ಕಾನ್‌ಸ್ಟಂಟೀನ್) ಸರಕಾರದವರು ಸಭೆ ಸೇರುತ್ತಿದ್ದ ಮನೆಯನ್ನು ಜಪ್ತಿ ಮಾಡಿ ಸಾಮಾನುಗಳ ಪಟ್ಟಿ ಬರೆದರು. ಬೆಳ್ಳಿ ಬಂಗಾರದ ಕೆಲವು ಬಟ್ಟಲುಗಳು, ದೀಪಗಳು. ಆಮೇಲೆ ಹೆಂಗಸರ ನಿಲುವಂಗಿ 82, ಗಂಡಸರ ನಿಲುವಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರ ಪಾದರಕ್ಷೆ 47 ಜೊತೆ. ಬರೆದವನು ಕ್ರೈಸ್ತನಲ್ಲ, ಹೊಗಳುವ ಉದ್ದೇಶವೂ ಅವನಿಗಿರಲಿಲ್ಲ. ನಾಳೆ ಯಾರಾದರೂ ನಮ್ಮ ಸಭೆಯ ಸಾಮಾನುಗಳನ್ನು ಪಟ್ಟಿ ಮಾಡಿದರೆ ಕುರ್ಚಿ, ಕೀಬೋರ್ಡು, ಧ್ವನಿವರ್ಧಕ ಸಿಕ್ಕಾವು. ಬೇರೆಯವರ ಕಾಲಿಗೆ ಇಟ್ಟ ಚಪ್ಪಲಿ ಸಿಕ್ಕೀತೇ?

ಒಪ್ಪದ ಓದುಗ

ಲೆಕ್ಕಿಗರ ಬರಹವನ್ನು ಗೌರವದಿಂದ ಓದಿದೆ. ಆದರೂ ಆದಿಸಭೆಯನ್ನು ಚಿನ್ನದ ಯುಗವೆಂದು ತಿಳಿಯುವ ಅಪಾಯ ಈ ಚರ್ಚೆಯಲ್ಲಿ ಇದೆ ಎಂದು ಹೇಳಬೇಕಾಗಿದೆ. ಯೆರೂಸಲೇಮಿನವರು ಹೊಲಮನೆ ಮಾರಿ ತಂದು ಹಂಚಿಕೊಂಡರು. ಕೆಲವೇ ವರ್ಷಗಳಲ್ಲಿ ಅದೇ ಸಭೆ ಹೊರಗಿನವರ ನೆರವಿಗಾಗಿ ಕೈಚಾಚಬೇಕಾಯಿತು. ಹೊಲ ಮಾರಿದ ಹಣದಲ್ಲಿ ಸ್ವಲ್ಪವನ್ನು ಬಚ್ಚಿಟ್ಟ ಅನನೀಯ, ಸಪ್ಫೈರ ದಂಪತಿಗಳ ಸುಳ್ಳು ಕೃತ್ಯಗಳ ಐದನೆಯ ಅಧ್ಯಾಯದಲ್ಲೇ ಬಂದುಬಿಡುತ್ತದೆ. ಕೊರಿಂಥದಲ್ಲಿ ಯೇಸುವಿನ ಕೊನೆಯ ಊಟದ ನೆನಪಿನ ಕರ್ತನ ಭೋಜನಕ್ಕೆ ಕೂಡಿದಾಗ ಒಬ್ಬನು ಹಸಿದಿರುತ್ತಿದ್ದನು, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಿದ್ದನು. ಇವೆಲ್ಲಕ್ಕಿಂತ ದೊಡ್ಡದು ದಾಸ್ಯದ ಪ್ರಶ್ನೆ. ಯಜಮಾನನೂ ಅವನು ಹಣ ಕೊಟ್ಟು ಕೊಂಡ ಆಳೂ ಒಂದೇ ರೊಟ್ಟಿಯನ್ನು ತಿಂದು, ಮನೆಗೆ ಹೋದಮೇಲೆ ಮತ್ತೆ ಯಜಮಾನ ಮತ್ತು ಆಳಾಗಿಯೇ ಇದ್ದರು. ಇಂಥ ಸಭೆಗೆ ಮರಳಿರಿ ಎಂದರೆ ನಾನು ಎಲ್ಲಿಗೆ ಮರಳಬೇಕು?

ಇತಿಹಾಸದ ವಿದ್ಯಾರ್ಥಿ

ಅಣ್ಣನವರ ಪ್ರಶ್ನೆ ಕಠಿಣವಾದರೂ ನ್ಯಾಯವಾದದ್ದು. ಒಂದೊಂದಾಗಿ ಬರೆಯುತ್ತೇನೆ.

ಯೆರೂಸಲೇಮಿನ ಬಡತನಕ್ಕೆ ಹಂಚಿಕೆಯೇ ಕಾರಣವೆಂದು ಗ್ರಂಥ ಹೇಳುವುದಿಲ್ಲ. ಕೃತ್ಯಗಳ ಹನ್ನೊಂದನೆಯ ಅಧ್ಯಾಯದಲ್ಲಿ ಕ್ಲೌದ್ಯ ಚಕ್ರವರ್ತಿಯ ಕಾಲದ ಬರಗಾಲದ ಪ್ರಸ್ತಾಪವಿದೆ. ಅಂತಿಯೋಕ್ಯದ ಸಭೆ ಬಾರ್ನಬ ಮತ್ತು ಸೌಲರ (ಈ ಸೌಲನೇ ಪೌಲನು) ಕೈಯಲ್ಲಿ ನೆರವನ್ನು ಕಳುಹಿಸಿದ್ದು ಆಗಲೇ. ಶಿಷ್ಯರಿಗೆ 'ಕ್ರೈಸ್ತರು' ಎಂಬ ಹೆಸರು ಮೊದಲು ಬಂದದ್ದು ಆ ಅಂತಿಯೋಕ್ಯದಲ್ಲೇ ಎಂದು ಅದೇ ಅಧ್ಯಾಯ ಹೇಳುತ್ತದೆ. ಆ ಹೆಸರು ಮತ್ತು ಆ ನೆರವು ಗ್ರಂಥದಲ್ಲಿ ಅಕ್ಕಪಕ್ಕದಲ್ಲಿವೆ. ಇನ್ನು ಹೊಲಮನೆ ಮಾರಿದ ವಿಷಯ. ನಾಲ್ಕನೆಯ ಅಧ್ಯಾಯದ ಗ್ರೀಕ್ ಕ್ರಿಯಾಪದಗಳು ಮಾರುತ್ತಿದ್ದರು, ತರುತ್ತಿದ್ದರು ಎಂಬ ಅರ್ಥದವು. ಎಲ್ಲರೂ ಒಂದೇ ದಿನ ಎಲ್ಲವನ್ನೂ ಮಾರಲಿಲ್ಲ. ಯಾರಿಗಾದರೂ ಕೊರತೆ ಬಂದಾಗ ಉಳ್ಳವನೊಬ್ಬನು ಮುಂದೆ ಬರುತ್ತಿದ್ದನು. ಹೊಲವು ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೆಯೂ ಹಣ ನಿನ್ನ ಸ್ವಾಧೀನದಲ್ಲೇ ಇತ್ತಲ್ಲವೇ ಎಂದು ಪೇತ್ರನು ಅನನೀಯನನ್ನು ಕೇಳುತ್ತಾನೆ. ಬಲವಂತ ಇರಲಿಲ್ಲ. ಕೊಡದಿದ್ದದ್ದು ಅಲ್ಲಿ ಅಪರಾಧವಾಗಲಿಲ್ಲ, ಸುಳ್ಳು ಹೇಳಿದ್ದು ಅಪರಾಧವಾಯಿತು.

ಕೊರಿಂಥದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕನ್ನಡದವರಿಗೆ ಅದು ಬೇಗ ಅರ್ಥವಾಗುತ್ತದೆ. ಸಭೆ ಸೇರುತ್ತಿದ್ದದ್ದು ಸಿರಿವಂತನೊಬ್ಬನ ಮನೆಯಲ್ಲಿ. ರೋಮನ್ನರ ಊಟದ ಕೋಣೆಯಲ್ಲಿ ಒರಗಿಕೊಂಡು ಉಣ್ಣುವುದಕ್ಕೆ ಸುಮಾರು ಒಂಬತ್ತು ಮಂದಿಗೆ ಸ್ಥಳವಿರುತ್ತಿತ್ತು. ಮಿಕ್ಕವರು ಅಂಗಳದಲ್ಲಿ ಕುಳಿತಿರಬೇಕು ಎಂದು ವಿದ್ವಾಂಸರು ವಿವರಿಸುತ್ತಾರೆ. ಬಿಡುವುಳ್ಳವರು ಮೊದಲು ಬಂದು ಒಳಗೆ ಕೂತು ತಮ್ಮ ಅಡಿಗೆಯನ್ನು ಉಂಡು ಮುಗಿಸಿದರು. ದಿನದ ದುಡಿಮೆ ಮುಗಿಸಿ ಬಂದ ಕೂಲಿಯವರಿಗೂ ಆಳುಗಳಿಗೂ ಏನೂ ಉಳಿಯಲಿಲ್ಲ. ಇದಕ್ಕೆ ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಒಂದು ಹೆಸರಿದೆ: ಪಂಕ್ತಿಭೇದ. ಪೌಲನು ಅದನ್ನು ಸಣ್ಣ ಅಶಿಸ್ತೆಂದು ಬಿಡಲಿಲ್ಲ. ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲ, ನೀವು ದೇವರ ಸಭೆಯನ್ನು ತಿರಸ್ಕರಿಸಿ ಇಲ್ಲದವರನ್ನು ನಾಚಿಕೆಪಡಿಸುತ್ತೀರಿ ಎಂದು ಬರೆದನು. ನಾವು ಪ್ರಭುಭೋಜನದ ದಿನ ಗಂಭೀರವಾಗಿ ಕೇಳುವ "ನಾನು ನಿಮಗೆ ತಿಳಿಸಿಕೊಟ್ಟದ್ದನ್ನು ಕರ್ತನಿಂದ ಹೊಂದಿದೆನು" ಎಂಬ ಭಾಗ ಹುಟ್ಟಿದ್ದು ಈ ಪಂಕ್ತಿಭೇದದ ಜಗಳದ ನಡುವೆ. ಆ ಊರಿನವರು ತಪ್ಪು ಮಾಡದೇ ಇದ್ದಿದ್ದರೆ ಆ ಮಾತುಗಳು ಆ ಪತ್ರದಲ್ಲಿ ನಮಗೆ ಸಿಗುತ್ತಿರಲಿಲ್ಲ.

ದಾಸ್ಯದ ವಿಷಯದಲ್ಲಿ ಅಣ್ಣನವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಓಡಿಹೋಗಿದ್ದನೆಂದು ಹೇಳಲಾಗುವ ಒನೇಸಿಮನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂದು ಪೌಲನು ಅವನ ಯಜಮಾನ ಫಿಲೆಮೋನನಿಗೆ ಬರೆದನು. ಮೊದಲನೆಯ ಶತಮಾನದ ಕೊನೆಗೆ ರೋಮಿನಿಂದ ಕೊರಿಂಥಕ್ಕೆ ಹೋದ ಪತ್ರವೊಂದರಲ್ಲಿ, ಬೇರೆಯವರನ್ನು ಬಿಡಿಸುವುದಕ್ಕಾಗಿ ತಮ್ಮನ್ನೇ ಸೆರೆಗೆ ಒಪ್ಪಿಸಿಕೊಂಡವರು, ಬೇರೆಯವರಿಗೆ ಉಣಿಸುವುದಕ್ಕಾಗಿ ತಮ್ಮನ್ನೇ ದಾಸ್ಯಕ್ಕೆ ಮಾರಿಕೊಂಡವರು ನಮ್ಮಲ್ಲಿದ್ದಾರೆ ಎಂಬ ಮಾತಿದೆ. ಆದರೆ ಆ ಪದ್ಧತಿಯೇ ತಪ್ಪೆಂದು ಸಭೆ ಒಟ್ಟಾಗಿ ಹೇಳಲಿಲ್ಲ. ಇದನ್ನು ಮುಚ್ಚಿಟ್ಟು ಪಾಠ ಹೇಳುವುದು ಪ್ರಾಮಾಣಿಕತೆಯಲ್ಲ.

ಕೊಲ್ಲಿಯಲ್ಲಿ ದುಡಿಯುವವ

ನಾನು ಉಡುಪಿಯ ಕಡೆಯವನು, ಈಗ ದುಬೈಯಲ್ಲಿದ್ದೇನೆ. ಇಲ್ಲಿ ಬಹುಕಾಲ ವಾರದ ರಜೆ ಶುಕ್ರವಾರ ಇದ್ದುದರಿಂದ ನಮ್ಮ ದೊಡ್ಡ ಆರಾಧನೆಯೂ ಶುಕ್ರವಾರವೇ ನಡೆಯುತ್ತಿತ್ತು. ಒಂದೇ ಆವರಣದಲ್ಲಿ ಹಲವು ಭಾಷೆಗಳ ಸಭೆಗಳು ಸರದಿಯಂತೆ ಕೂಡುತ್ತವೆ. ಊರಿನಿಂದ ಬಂದ ಹಿರಿಯರೊಬ್ಬರಿಗೆ ಇದು ಸರಿಕಾಣಲಿಲ್ಲ. ಭಾನುವಾರವನ್ನು ಬಿಟ್ಟುಕೊಟ್ಟಿರಾ ಎಂದು ಕೇಳಿದರು. ಆಗ ನನಗೆ ಒಂದು ವಿಷಯ ತಿಳಿದಿದ್ದರೆ ಚೆನ್ನಾಗಿತ್ತು. ಮೊದಲ ಮುನ್ನೂರು ವರ್ಷ ಕ್ರೈಸ್ತರಿಗೆ ಭಾನುವಾರ ದುಡಿಮೆಯ ದಿನವೇ ಆಗಿತ್ತು. ಅದನ್ನು ವಿಶ್ರಾಂತಿಯ ದಿನವನ್ನಾಗಿ ಮಾಡಿದ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾನೂನು ಬಂದದ್ದು 321ರಲ್ಲಿ.

ಸುಮಾರು 112ರಲ್ಲಿ ಬಿಥೂನ್ಯದ ರಾಜ್ಯಪಾಲ ಪ್ಲಿನಿಯು ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಈ ಜನರು ಗೊತ್ತುಪಡಿಸಿದ ದಿನ ಬೆಳಕು ಹರಿಯುವ ಮೊದಲೇ ಕೂಡಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಆಣೆ ಮಾಡಿಕೊಳ್ಳುತ್ತಾರೆ, ಆಮೇಲೆ ಚದುರಿ ಮತ್ತೆ ಊಟಕ್ಕೆ ಕೂಡುತ್ತಾರೆ ಎಂದು ವರದಿ ಮಾಡಿದ್ದಾನೆ. ನಸುಕಿನ ಹೊತ್ತನ್ನು ಅವರು ಏಕೆ ಆರಿಸಿಕೊಂಡರೆಂಬುದು ಕೆಲಸದ ಬಸ್ಸು ಹಿಡಿಯುವವನಿಗೆ ತಾನಾಗಿಯೇ ಅರ್ಥವಾಗುತ್ತದೆ. ನಿಜಸ್ಥಿತಿ ತಿಳಿಯಲು ತಾನು ಹಿಂಸಿಸಿ ವಿಚಾರಿಸಿದ ಇಬ್ಬರ ಬಗ್ಗೆಯೂ ಆ ಅಧಿಕಾರಿ ಬರೆದಿದ್ದಾನೆ. ಅವರು ದಾಸಿಯರು, ಸಭೆಯವರು ಅವರನ್ನು ಸೇವಕಿಯರೆಂದು ಕರೆಯುತ್ತಿದ್ದರು. ಒಪ್ಪದ ಓದುಗರು ಎತ್ತಿದ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ. ಆದರೂ ಊರು ಆಳುಗಳೆಂದು ಎಣಿಸಿದ ಇಬ್ಬರು ಹೆಂಗಸರು ಸಭೆಯಲ್ಲಿ ಜವಾಬ್ದಾರಿಯ ಸ್ಥಾನದಲ್ಲಿದ್ದರು. ನಮ್ಮಲ್ಲಿ ಮನೆಗೆಲಸಕ್ಕೆಂದು ಇಲ್ಲಿಗೆ ಬಂದಿರುವ ಎಷ್ಟು ಸಹೋದರಿಯರು ಸಭೆಯ ಸಮಿತಿಯಲ್ಲಿದ್ದಾರೆ ಎಂದು ನಾನು ಎಣಿಸಿ ನೋಡಿದೆ. ಒಬ್ಬರೂ ಇಲ್ಲ.

ಬೀದರ ಕಡೆಯ ಸಭಾಪಾಲಕ

ಎಲ್ಲರ ಬರಹಗಳನ್ನು ಓದಿ ಸಂತೋಷವಾಯಿತು. ಹಳ್ಳಿಗಳಲ್ಲಿ ಸೇವೆ ಮಾಡುವವನಾಗಿ ಎರಡು ಮಾತು ಸೇರಿಸುತ್ತೇನೆ.

ಕ್ರಿ.ಶ. 155ರ ಸುಮಾರಿಗೆ ಕ್ರೈಸ್ತ ಲೇಖಕ ಯುಸ್ತೀನನು ರೋಮಿನಲ್ಲಿ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಭಾನುವಾರದ ಆರಾಧನೆಯ ವಿವರವಿದೆ. ಊರಿನವರೂ ಹಳ್ಳಿಯವರೂ ಒಂದೆಡೆ ಕೂಡುತ್ತಾರೆ. ಅಪೊಸ್ತಲರ ನೆನಪಿನ ಬರಹಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿದ್ದಷ್ಟು ಓದುತ್ತಾರೆ. ಬೋಧನೆ, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ. ಆಮೇಲೆ ಬರುವ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ: ಬರಲಾರದವರಿಗೆ ಡೀಕನರು ಪಾಲನ್ನು ಒಯ್ದು ಕೊಡುತ್ತಾರೆ. ಅದರ ಬೆನ್ನಿಗೇ ಕಾಣಿಕೆಯ ಮಾತು. ಉಳ್ಳವರು ಇಷ್ಟವಿದ್ದಷ್ಟು ಕೊಟ್ಟದ್ದನ್ನು ಸಭೆಯ ಮುಖ್ಯಸ್ಥನ ಬಳಿ ಇಡುತ್ತಾರೆ. ಅವನು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ನೆರವಾಗುತ್ತಾನೆ. ಬಾರದವರು ಯಾರೆಂದು ಗೊತ್ತಿಲ್ಲದಿದ್ದರೆ ಪಾಲು ಒಯ್ಯುವುದಾದರೂ ಹೇಗೆ? ಶಿಕ್ಷಕಿಯವರ ಸಭೆಯ ಆ ತಾಯಿ ಯುಸ್ತೀನನ ಸಭೆಯಲ್ಲಿ ಇದ್ದಿದ್ದರೆ ಮೊದಲನೆಯ ಭಾನುವಾರ ಸಂಜೆಯೊಳಗೆ ಯಾರಾದರೂ ಅವರ ಬಾಗಿಲು ತಟ್ಟುತ್ತಿದ್ದರು.

ಎರಡನೆಯ ಮಾತು ಎಚ್ಚರಿಕೆಯದು. 'ದಿದಖೆ' ಎಂಬ ಬಹು ಹಳೆಯ ಬೋಧನಾಗ್ರಂಥವೊಂದು 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸಿಕ್ಕಿ 1883ರಲ್ಲಿ ಅಚ್ಚಾಯಿತು. ಅದರಲ್ಲಿ ಸಂಚಾರಿ ಬೋಧಕರ ಬಗ್ಗೆ ನಿಯಮಗಳಿವೆ. ಬಂದವನನ್ನು ಕರ್ತನಂತೆ ಸೇರಿಸಿಕೊಳ್ಳಿರಿ. ಒಂದು ದಿನ ಇರಲಿ, ಅಗತ್ಯವಿದ್ದರೆ ಎರಡು ದಿನ. ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದ ತನಕ ಸಾಲುವ ರೊಟ್ಟಿಯನ್ನು ಮಾತ್ರ ಕೊಡಿರಿ; ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ. ನಿಮ್ಮಲ್ಲೇ ನೆಲೆಸಬೇಕೆನ್ನುವವನಿಗೆ ಕಸುಬು ಗೊತ್ತಿದ್ದರೆ ದುಡಿದು ಉಣ್ಣಲಿ. ನಿನ್ನ ದಾನವು ಯಾರಿಗೆ ಸಲ್ಲಬೇಕೆಂದು ತಿಳಿಯುವ ತನಕ ಅದು ನಿನ್ನ ಕೈಯಲ್ಲೇ ಬೆವರಲಿ ಎಂಬ ಮಾತೂ ಅಲ್ಲಿದೆ. ನಮ್ಮ ಹಳ್ಳಿಗಳಿಗೆ ದೊಡ್ಡ ಕಾರಿನಲ್ಲಿ ಬಂದು, ಮೂರು ರಾತ್ರಿ ಕೂಟ ನಡೆಸಿ, ಕೂಲಿಯವರ ಓಲೆ ಉಂಗುರಗಳನ್ನು ಕಾಣಿಕೆಯಾಗಿ ಪಡೆದು ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಮೇಲಿನ ತಿಂಗಳು ಆ ಮನೆಗಳಲ್ಲಿ ಬಡ್ಡಿಗೆ ಸಾಲ ಎತ್ತಿದ್ದನ್ನೂ ನೋಡಿದ್ದೇನೆ. ಸಾವಿರದ ಎಂಟುನೂರಕ್ಕೂ ಹೆಚ್ಚು ವರ್ಷ ಹಿಂದಿನ ಆ ನಿಯಮವನ್ನು ಬರೆಸಿ ಈಗ ನನ್ನ ಸಭೆಯ ಗೋಡೆಗೆ ಹಾಕಿಸಿದ್ದೇನೆ.

ಮಂಗಳೂರಿನ ಮನೆತನದವಳು

ಸಭಾಪಾಲಕ ಅಯ್ಯನವರ ಮಾತಿಗೆ ಇನ್ನೊಂದು ಮುಖವಿದೆ. ಅದು ನಮ್ಮ ಮನೆತನದ ನೆನಪಿನಲ್ಲಿ ಇರುವುದರಿಂದ ಬರೆಯುತ್ತಿದ್ದೇನೆ. ವಿಶ್ವಾಸಕ್ಕಾಗಿ ಕಸುಬು ಕಳೆದುಕೊಂಡವನಿಗೆ ಸಭೆ ಏನು ಮಾಡಬೇಕು?

ಮೂರನೆಯ ಶತಮಾನದ ನಡುವೆ ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯಾನನಿಗೆ ಒಂದು ಪ್ರಶ್ನೆ ಬಂತು. ನಟನೊಬ್ಬನು ಕ್ರೈಸ್ತನಾಗಿ ರಂಗವನ್ನು ಬಿಟ್ಟಿದ್ದಾನೆ, ಆದರೆ ಹೊಟ್ಟೆಪಾಡಿಗಾಗಿ ಬೇರೆಯವರಿಗೆ ಅದೇ ವಿದ್ಯೆಯನ್ನು ಕಲಿಸುತ್ತಿದ್ದಾನೆ. ಇವನನ್ನು ಸಭೆಯಲ್ಲಿ ಇಟ್ಟುಕೊಳ್ಳಬಹುದೇ? ಆ ಕಾಲದ ರಂಗಭೂಮಿ ವಿಗ್ರಹಾರಾಧನೆಯೊಂದಿಗೆ ಬೆಸೆದುಕೊಂಡಿದ್ದರಿಂದ ಸಿಪ್ರಿಯಾನನು ಕೂಡದು ಎಂದನು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಆ ನಟನು ಬಡತನವನ್ನು ಹೇಳಿಕೊಂಡರೆ ಸಭೆಯ ಅನ್ನದಿಂದ ಪೋಷಣೆ ಪಡೆಯುವವರ ಜೊತೆ ಅವನನ್ನೂ ಸೇರಿಸಿರಿ. ನಿಮ್ಮ ಸಭೆಗೆ ಆ ಶಕ್ತಿ ಇಲ್ಲದಿದ್ದರೆ ನಮ್ಮಲ್ಲಿಗೆ ಕಳುಹಿಸಿರಿ, ಇಲ್ಲಿ ಅವನಿಗೆ ಅನ್ನವಸ್ತ್ರ ಸಿಗುತ್ತದೆ ಎಂದು ಬರೆದನು. ಬಿಟ್ಟುಬಿಡು ಎಂದು ಹೇಳುವ ಅಧಿಕಾರದ ಬೆನ್ನಿಗೆ ಉಣಿಸುವ ಹೊಣೆಯನ್ನೂ ಅವನು ಹೊತ್ತುಕೊಂಡನು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಿಗೂ ಇದೇ ಸಮಸ್ಯೆ ಎದುರಾಯಿತು. ಸಭೆಯೊಳಗೆ ಜಾತಿಗೆ ಸ್ಥಳವಿಲ್ಲ ಎಂದು ಅವರು ಪಟ್ಟುಹಿಡಿದರು. ಸೇರಿದವರಿಗೆ ಹಳೆಯ ನಂಟೂ ಹೋಯಿತು, ಕಸುಬೂ ಹೋಯಿತು. ನೇಯ್ಗೆಯ ಕಾರ್ಖಾನೆ, 1865ರ ಹೆಂಚಿನ ಕಾರ್ಖಾನೆ ಹುಟ್ಟಿದ್ದರ ಹಿಂದೆ ಈ ಹಸಿವಿನ ಪ್ರಶ್ನೆ ಇತ್ತು. ನನ್ನ ಮುತ್ತಜ್ಜ ಆ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಕಾರ್ಖಾನೆಯೂ ಸಭೆಯೂ ಒಂದೇ ಯಜಮಾನರ ಕೈಯಲ್ಲಿದ್ದದ್ದರಿಂದ ಆದ ಕಷ್ಟಗಳನ್ನೂ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅನ್ನ ಕೊಡುವವನೇ ಬೋಧಕನೂ ಆದಾಗ ಬಾಯಿ ಬಿಡುವುದು ಕಷ್ಟ. ಹಾಗಿದ್ದರೂ, ಬರಿಯ ಆಶೀರ್ವಾದ ಹೇಳಿ ಕಳುಹಿಸಿದ್ದರೆ ನಾವು ಇಂದು ಇರುತ್ತಿರಲಿಲ್ಲ.

ಒಪ್ಪದ ಓದುಗ

ವಿದ್ಯಾರ್ಥಿಯವರೂ ಮಂಗಳೂರಿನವರೂ ಬರೆದದ್ದನ್ನು ಎರಡೆರಡು ಸಲ ಓದಿದೆ. ಅವರು ತಪ್ಪು ಮಾಡಿದರು, ತಿದ್ದಿಕೊಂಡರು, ಆ ತಿದ್ದುಪಡಿಯೇ ನಮಗೆ ಪಾಠ ಎಂಬುದು ನಿಮ್ಮ ವಾದವಾದರೆ ನಾನು ಅರ್ಧದಷ್ಟು ಒಪ್ಪುತ್ತೇನೆ. ಇನ್ನರ್ಧಕ್ಕೆ ಒಂದು ಪ್ರಶ್ನೆ: ಬಿದ್ದುಹೋದ ಮನುಷ್ಯನನ್ನು ಅವರು ಏನು ಮಾಡಿದರು? ನಾನು ಕೇಳುವುದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ನಾನು ಒಂದು ಸಭೆಯಲ್ಲಿ ಜವಾಬ್ದಾರಿಯಲ್ಲಿದ್ದೆ. ನನ್ನ ಬದುಕಿನಲ್ಲಿ ಒಂದು ತಪ್ಪು ನಡೆಯಿತು. ನಾನು ಅದನ್ನು ಒಪ್ಪಿಕೊಂಡೆ. ನನ್ನ ಹೆಸರನ್ನು ತೆಗೆದುಹಾಕಿದರು, ಅದು ನ್ಯಾಯ. ಅಂದಿನಿಂದ ಹನ್ನೊಂದು ವರ್ಷವಾಯಿತು, ಅಲ್ಲಿಂದ ಒಬ್ಬರೂ ನನ್ನ ಮನೆಗೆ ಬಂದಿಲ್ಲ.

ಇತಿಹಾಸದ ವಿದ್ಯಾರ್ಥಿ

ಅಣ್ಣನವರೇ, ನೀವು ಇದನ್ನು ಇಲ್ಲಿ ಬರೆದದ್ದಕ್ಕೆ ಕೃತಜ್ಞನಾಗಿದ್ದೇನೆ. ನಿಮ್ಮ ಪ್ರಶ್ನೆಯೇ ಮೂರನೆಯ ಶತಮಾನದ ಸಭೆಯನ್ನು ಇಬ್ಭಾಗ ಮಾಡಿತು.

250ರಲ್ಲಿ ಡೇಸಿಯಸ್ ಚಕ್ರವರ್ತಿಯು ಸಾಮ್ರಾಜ್ಯದ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದನು. ಅಂಥ ಪತ್ರಗಳು ನಲವತ್ತಕ್ಕೂ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ: ಹೆಸರು, ಊರು, ನಾನು ಎಂದೆಂದಿಗೂ ದೇವತೆಗಳಿಗೆ ಬಲಿ ಅರ್ಪಿಸಿದವನು ಎಂಬ ಹೇಳಿಕೆ, ಅಧಿಕಾರಿಯ ರುಜು. ಬಹಳ ಕ್ರೈಸ್ತರು ಬಲಿ ಕೊಟ್ಟರು. ಇನ್ನು ಕೆಲವರು ಲಂಚ ಕೊಟ್ಟು ಪತ್ರವನ್ನು ಮಾತ್ರ ಕೊಂಡರು. ಹಿಂಸೆ ತಣ್ಣಗಾದ ಮೇಲೆ ಅವರು ಅಳುತ್ತಾ ಬಾಗಿಲಿಗೆ ಬಂದರು. ರೋಮಿನಲ್ಲಿ ನೊವಾಟಿಯನನೆಂಬ ಹಿರಿಯನು ಅವರಿಗೆ ಬಾಗಿಲು ತೆರೆಯಲೇಬಾರದೆಂದನು. ಇನ್ನೊಂದು ಕಡೆ, ಸೆರೆಯಲ್ಲಿ ನರಳಿದ್ದ ಧೀರರು ಕೇಳಿದವರಿಗೆಲ್ಲ ಕ್ಷಮಾಪತ್ರ ಬರೆದುಕೊಡುತ್ತಿದ್ದರು. ಸಿಪ್ರಿಯಾನನು ಈ ಎರಡಕ್ಕೂ ಒಪ್ಪಲಿಲ್ಲ. 251ರಲ್ಲಿ ಕಾರ್ಥೇಜಿನಲ್ಲಿ ಬಿಷಪರು ಕೂಡಿ, ಒಬ್ಬೊಬ್ಬರ ಸಂಗತಿಯನ್ನು ಬೇರೆಬೇರೆಯಾಗಿ ವಿಚಾರಿಸಬೇಕೆಂದು ತೀರ್ಮಾನಿಸಿದರು. ಪತ್ರ ಮಾತ್ರ ಕೊಂಡವರನ್ನು ವಿಚಾರಣೆಯ ನಂತರ ಸೇರಿಸಿಕೊಳ್ಳಬೇಕು. ಬಲಿ ಕೊಟ್ಟವರು ಪಶ್ಚಾತ್ತಾಪದ ದೀರ್ಘ ಅವಧಿಯನ್ನು ಕಳೆಯಬೇಕು, ಸಾವಿನ ಅಂಚಿನಲ್ಲಿದ್ದರೆ ಆಗಲೇ ಸಮಾಧಾನ ಕೊಡಬೇಕು. ಮುಂದೆ ಹೊಸ ಹಿಂಸೆಯ ಭೀತಿ ಬಂದಾಗ ಪಶ್ಚಾತ್ತಾಪದಲ್ಲಿದ್ದ ಎಲ್ಲರನ್ನೂ ಸೇರಿಸಿಕೊಂಡರು. ಹೋರಾಟಕ್ಕೆ ಹೋಗುವವರನ್ನು ಬರಿಗೈಯಲ್ಲಿ ಕಳುಹಿಸಬಾರದು ಎಂಬುದು ಕಾರಣ.

ಪಶ್ಚಾತ್ತಾಪದಲ್ಲಿದ್ದವರು ಸಭೆಯ ಕಣ್ಣಿಗೆ ಕಾಣುತ್ತಿದ್ದರು, ಅವರಿಗಾಗಿ ಪ್ರಾರ್ಥನೆ ನಡೆಯುತ್ತ ಇತ್ತು, ಹಿಂದಿರುಗುವ ದಾರಿ ಇದೆ ಎಂಬುದು ಅವರಿಗೆ ಗೊತ್ತಿತ್ತು. ಶಿಸ್ತು ಕಠಿಣವಾಗಿತ್ತು ನಿಜ, ನಮ್ಮಲ್ಲಿ ಯಾರೂ ತಾಳಲಾರದಷ್ಟು ಕಠಿಣ. ಆದರೆ ಹನ್ನೊಂದು ವರ್ಷಗಳ ಮೌನಕ್ಕೆ ಆ ಶಿಸ್ತಿನಲ್ಲಿ ಹೆಸರಿಲ್ಲ. ಇನ್ನೊಂದು ಮಾತು: ಆ ತೀರ್ಮಾನದ ಮುಂಚೂಣಿಯಲ್ಲಿದ್ದ ಸಿಪ್ರಿಯಾನನು ಸ್ವತಃ 250ರಲ್ಲಿ ಊರು ಬಿಟ್ಟು ಅಡಗಿಕೊಂಡಿದ್ದವನು, ಅದಕ್ಕಾಗಿ ನಿಂದೆ ಕೇಳಿದವನು. 258ರ ಸೆಪ್ಟೆಂಬರಿನಲ್ಲಿ ಅವನು ಓಡಲಿಲ್ಲ, ಖಡ್ಗಕ್ಕೆ ಕೊರಳೊಡ್ಡಿದನು.

ಬೀದರ ಕಡೆಯ ಸಭಾಪಾಲಕ

ಒಪ್ಪದ ಓದುಗರೇ, ನೀವು ಯಾವ ಊರಿನವರೆಂದು ನನಗೆ ಗೊತ್ತಿಲ್ಲ. ನಿಮಗೆ ಅಡ್ಡಿಯಿಲ್ಲದಿದ್ದರೆ ನನಗೆ ಪ್ರತ್ಯೇಕವಾಗಿ ಬರೆಯಿರಿ. ನಾನು ಬಂದು ನೋಡುತ್ತೇನೆ, ದೂರವಾದರೂ ಬರುತ್ತೇನೆ.

ಧಾರವಾಡದ ಶಿಕ್ಷಕಿ

ಹದಿನೈದು ದಿನ ಇಲ್ಲಿ ಬರೆಯಲಾಗಲಿಲ್ಲ, ಕ್ಷಮಿಸಿರಿ. ನಡೆದದ್ದನ್ನು ತಿಳಿಸುತ್ತೇನೆ.

ನಾನೂ ಕೂಟದ ಇನ್ನೊಬ್ಬ ಸಹೋದರಿಯೂ ಆ ತಾಯಿಯ ಮನೆಗೆ ಹೋದೆವು. ಅವರಿಗೆ ಕಣ್ಣಿನ ಪೊರೆ ಬೆಳೆದಿದೆ. ಬಸ್ಸಿನ ಫಲಕ ಕಾಣುವುದಿಲ್ಲ, ಬೆಳಗಿನ ಹೊತ್ತು ರಸ್ತೆ ದಾಟಲು ಭಯ. ಅಷ್ಟೇ ಕಾರಣ. ನಾವು ಬೇರೆ ಏನೇನೋ ಊಹಿಸಿಕೊಂಡು ಹೋಗಿದ್ದೆವು. ಚಂದಾ ಬಾಕಿಯನ್ನು ಅವರೇ ಮೊದಲು ಎತ್ತಿದರು, ಹಣವನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದರು, ತಂದುಕೊಡುವವರು ಇರಲಿಲ್ಲ. ಕಣ್ಣಿನ ಆಸ್ಪತ್ರೆಗೆ ಬರುವ ಬುಧವಾರ ಕರೆದೊಯ್ಯುತ್ತೇವೆ. ಪ್ರಭುಭೋಜನದ ಭಾನುವಾರ ಆರಾಧನೆ ಮುಗಿದೊಡನೆ ಬರಲಾರದವರ ಮನೆಗಳಿಗೂ ಹೋಗೋಣ ಎಂದು ನಮ್ಮ ಅಯ್ಯನವರು ಒಪ್ಪಿದ್ದಾರೆ. ಅಂಥ ಮನೆಗಳು ಎಷ್ಟು ಎಂದು ಕೇಳಿದಾಗ ನಮ್ಮಲ್ಲಿ ಯಾರಿಗೂ ಹೇಳಲಾಗಲಿಲ್ಲ. ಎಣಿಸುತ್ತಾ ಹೋದಂತೆ ಈವರೆಗೆ ಹದಿನಾಲ್ಕಾಗಿವೆ.

ಇಂಥವರನ್ನು ನೋಡಿಬಂದದ್ದನ್ನು ಬರೆದಿಡಲು ಸ್ತ್ರೀಯರ ಕೂಟದ ಪರವಾಗಿ ಇನ್ನೊಂದು ಪುಸ್ತಕ ಇಡಲು ಸಮಿತಿಯವರ ಅನುಮತಿ ಕೇಳಿದ್ದೇವೆ. ಮುಂದಿನ ತಿಂಗಳ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ಲೆಕ್ಕಿಗರೇ, ಆ ಪುಸ್ತಕದಲ್ಲಿ ಯಾವ ಯಾವ ಅಂಕಣಗಳಿರಬೇಕೆಂದು ದಯವಿಟ್ಟು ತಿಳಿಸಿರಿ.

ಹಳೆಯ ಲೆಕ್ಕಿಗ

ಅಕ್ಕನವರೇ, ನಾನಾದರೆ ಹೀಗೆ ಗೀಟು ಹಾಕುತ್ತೇನೆ. ಹೆಸರು. ಮನೆ ಎಲ್ಲಿ, ಹೋಗುವ ದಾರಿ. ಮನೆಯಲ್ಲಿ ಜೊತೆಗೆ ಯಾರಿದ್ದಾರೆ. ಕೊನೆಯ ಸಲ ಹೋದ ದಿನ. ಹೋದವರ ರುಜು. ಅವರು ಏನು ಕೇಳಿದರು. ಇದನ್ನು ಅವರದೇ ಮಾತಿನಲ್ಲಿ ಬರೆಯಿರಿ, ನಮ್ಮ ಊಹೆಯನ್ನು ಬರೆಯಬೇಡಿರಿ. ಏನು ಮಾಡಿದೆವು, ಏನು ಉಳಿಯಿತು. ಮುಂದೆ ಹೋಗಬೇಕಾದ ದಿನ. ಯಾರು ಏನನ್ನು ಪಡೆದರೆಂಬುದು ಊರಿನ ಬಾಯಿಗೆ ಬೀಳಬಾರದು. ಪುಸ್ತಕ ಇಬ್ಬರ ಬಳಿ ಮಾತ್ರ ಇರಲಿ, ಮೂರು ತಿಂಗಳಿಗೊಮ್ಮೆ ಮೂರನೆಯವರೊಬ್ಬರು ನೋಡಲಿ. ಹೆಸರು ತೆಗೆದುಹಾಕಲ್ಪಟ್ಟವರಿಗೂ ಅದರಲ್ಲಿ ಒಂದು ಪುಟ ಇರಲಿ. ಚಂದಾದ ಅಂಕಣ ಬೇಡ, ಅದಕ್ಕೆ ಬೇರೆ ಪುಸ್ತಕ ಇದೆ.